ಹುಲಿ ಗೆಲ್ಲುತ್ತಾ ಸಿಂಹ ಗೆಲ್ಲುತ್ತಾ: ಎಂಟನೇ ಕ್ಲಾಸಲ್ಲಿ ನಡೆದ ಒಂದು ಪ್ರಕರಣ

ಮಕ್ಕಳ ಜೊತೆ ಕಾಡು, ಪ್ರಾಣಿ ಅಂತ ಮಾತಾಡೋ ಟೀಚರ್‌ಗಳು, ವಾಲಂಟಿಯರ್‌ಗಳು ಇದ್ರೆ ಅವರಿಗೆ ಉಪಯೋಗಕ್ಕೆ ಬರ್ಲಿ ಅಂತ ಇದನ್ನ ಪೂರ್ತಿ ಬರೀತಿದೀನಿ. ಊರು, ಸ್ಕೂಲು, ಮಕ್ಕಳ ಹೆಸರು ಯಾವುದೂ ಹೇಳಲ್ಲ, ಗುರುತು ಸಿಗೋ ಅಂಥ ಒಂದೆರಡು ವಿವರನೂ ಬದಲಾಯಿಸಿದೀನಿ. ಇದರಲ್ಲಿ ಇಬ್ಬರು ಹುಡುಗರು ಮುಖ್ಯ. ಒಬ್ಬ ಕಿಟಕಿ ಪಕ್ಕ ಕೂರ್ತಿದ್ದ, ಇನ್ನೊಬ್ಬ ಬಾಗಿಲ ಹತ್ರ, ಹಾಗಾಗಿ ಕಿಟಕಿ ಹುಡುಗ, ಬಾಗಿಲ ಹುಡುಗ ಅಂತಲೇ ಕರೀತೀನಿ.

ಹಿನ್ನೆಲೆ

ನಾಗರಹೊಳೆ ಕಾಡಂಚಿನ ಒಂದು ಸರ್ಕಾರಿ ಪ್ರೌಢಶಾಲೆ. ತಿಂಗಳಿಗೆ ಎರಡು ಶನಿವಾರ ಮೈಸೂರಿಂದ ಬೆಳಗಿನ ಬಸ್ಸಿಗೆ ಹೋಗ್ತಿದ್ದೆ, ಕೊನೇ ಒಂದು ಗಂಟೆ ಎಂಟನೇ ಕ್ಲಾಸಿನ 24 ಮಕ್ಕಳು ನನಗೆ ಸಿಗೋರು. ಹೆಜ್ಜೆ ಗುರುತಿಗೆ ಪ್ಲಾಸ್ಟರ್ ಹಾಕಿ ಅಚ್ಚು ತೆಗೆಯೋದು, ಲದ್ದಿ ನೋಡಿ ಯಾವ ಪ್ರಾಣಿ ಅಂತ ಹೇಳೋದು, ಇಂಥವು ಮಾಡ್ತಿದ್ವಿ. ಪೇಟೆ ಮಕ್ಕಳಿಗೆ ಹುಲಿ ಅಂದ್ರೆ ಟಿವಿಲಿ ಬರೋ ಪ್ರಾಣಿ, ಈ ಮಕ್ಕಳಿಗೆ ಹಂಗಲ್ಲ. ಯಾರ ಮನೆ ಹಸು ಹೋಯ್ತು, ಪರಿಹಾರದ ದುಡ್ಡು ಬಂತೋ ಇಲ್ವೋ, ಯಾವ ಕೆರೆ ಏರಿ ಮೇಲೆ ಸಂಜೆ ಹೊತ್ತು ಓಡಾಡಬಾರದು, ಎಲ್ಲ ಅವರಿಗೆ ಗೊತ್ತು. 2022ರ ಗಣತಿಲಿ ಕರ್ನಾಟಕಕ್ಕೆ 563 ಹುಲಿ ಅಂತ ಬಂತಲ್ಲ, ಮಧ್ಯಪ್ರದೇಶ ಬಿಟ್ರೆ ದೇಶದಲ್ಲಿ ನಮ್ಮಲ್ಲೇ ಜಾಸ್ತಿ, ಅದರಲ್ಲಿ ಒಂದಷ್ಟು ಈ ಮಕ್ಕಳ ಹೊಲದ ಆಚೆ ಬದಿಯಲ್ಲೇ ಇರೋವು.

ಸಿಂಹದ ಕತೆ ಬೇರೆ. ನಮ್ಮ ದೇಶದಲ್ಲಿ ಕಾಡು ಸಿಂಹ ಇರೋದು ಗುಜರಾತಲ್ಲಿ ಮಾತ್ರ, ಗಿರ್ ಮತ್ತೆ ಅದರ ಸುತ್ತಮುತ್ತ, 2025ರ ಎಣಿಕೆಲಿ 891. ಹಾಗಾಗಿ ಈ ಮಕ್ಕಳು ಸಿಂಹ ನೋಡಿದ್ದು ಚಾಮುಂಡಿ ಫೋಟೋದಲ್ಲಿ, ಮೊಬೈಲಲ್ಲಿ, ಆಮೇಲೆ ಆ ವರ್ಷ ಸ್ಕೂಲ್ ಟ್ರಿಪ್‌ಗೆ ಮೈಸೂರು ಝೂಗೆ ಹೋದಾಗ. ಅವತ್ತು ಒಂದೇ ದಿನ ಹುಲಿನೂ ನೋಡಿದ್ರು, ಸಿಂಹನೂ ನೋಡಿದ್ರು, ವಾಪಸ್ ಬರೋ ಬಸ್ಸಲ್ಲೇ ಶುರುವಾಯ್ತು, ಎರಡೂ ಎದುರುಬದುರು ಬಂದ್ರೆ ಯಾವುದು ಗೆಲ್ಲುತ್ತೆ ಅಂತ.

ನಾನು ಮಾಡಿದ ಮೊದಲ ಎರಡು ತಪ್ಪು

ಮುಂದಿನ ಶನಿವಾರ ಕ್ಲಾಸಿಗೆ ಕಾಲಿಡ್ತಿದ್ದಂಗೆ ಕಿಟಕಿ ಹುಡುಗ ಎದ್ದು ನಿಂತ. "ಸಾ, ಹುಲಿನೇ ತಾನೇ ಗೆಲ್ಲದು? ಇವ್ನು ಸಿಂಹ ಅಂತಾವ್ನೆ ಸಾ." ಬಾಗಿಲ ಹುಡುಗ ಕೂತಲ್ಲಿಂದಲೇ, "ಕಾಡಿಗೆ ರಾಜ ಯಾವ್ದು ಅಂತ ಪುಸ್ತಕದಲ್ಲೇ ಐತೆ ಸಾ" ಅಂದ. ನಾನು ನಕ್ಕು, ಅದೆಲ್ಲ ಸುಮ್ನೆ ಪ್ರಶ್ನೆ ಕಣ್ರೋ, ಕಾಡಲ್ಲಿ ಅವೆರಡು ಭೇಟಿನೇ ಆಗಲ್ಲ, ಬನ್ನಿ ಇವತ್ತು ಜೇನಿನ ಬಗ್ಗೆ ನೋಡೋಣ ಅಂದೆ.

ಇದು ಮೊದಲನೇ ತಪ್ಪು. ಪ್ರಶ್ನೆ ಸಾಯ್ಲಿಲ್ಲ, ನನ್ನ ಕಿವಿಗೆ ಬೀಳದೇ ಇರೋ ಜಾಗಕ್ಕೆ ಹೋಯ್ತು ಅಷ್ಟೇ. ಇನ್ನೊಂದು, ನಾನು ಹೇಳಿದ್ದು ಪೂರ್ತಿ ಸರಿನೂ ಅಲ್ಲ. ಸುಮಾರು ನೂರೈವತ್ತು ಇನ್ನೂರು ವರ್ಷದ ಹಿಂದೆ ಉತ್ತರ ಭಾರತ, ಮಧ್ಯ ಭಾರತದ ಎಷ್ಟೋ ಕಡೆ ಸಿಂಹ ಇತ್ತು, ಅದೇ ಸೀಮೆಲಿ ಹುಲಿನೂ ಇತ್ತು. ಸಿಂಹ ಕುರುಚಲು, ಹುಲ್ಲು ಬಯಲು ಹಿಡಿದ್ರೆ ಹುಲಿ ದಟ್ಟ ಕಾಡು ಹಿಡೀತಿತ್ತು. ಈಗಲೂ ರಾಜಸ್ಥಾನದ ರಣಥಂಬೋರಿಂದ ಹೊರಟ ಹುಲಿಗಳು ಮಧ್ಯಪ್ರದೇಶದ ಕೂನೋ ಕಾಡಿನ ಕಡೆ ಹೋಗಿರೋದುಂಟು, ಆ ಕೂನೋಗೇ ಸಿಂಹ ಕಳಿಸಿ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಅಂದ್ರೆ ಆ ಹುಡುಗರ ಪ್ರಶ್ನೆ ನಾನು ಅಂದ್ಕೊಂಡಷ್ಟು ಪೊಳ್ಳಲ್ಲ.

ಎರಡು ವಾರ ಆದ್ಮೇಲೆ ಹೋದ್ರೆ ಕ್ಲಾಸು ಎರಡು ಭಾಗ ಆಗಿತ್ತು. ಬೆಂಚ್ ಮೇಲೆ ಪೆನ್ನಲ್ಲಿ ಬರ್ಕೊಂಡಿದ್ರು, ಊಟಕ್ಕೂ ಬೇರೆ ಬೇರೆ ಕೂರ್ತಿದ್ರಂತೆ. ಸರಿ, ವಿಜ್ಞಾನ ತಂದು ತೀರ್ಮಾನ ಮಾಡೋಣ ಅಂತ ನಾನು ಬೋರ್ಡ್ ಮೇಲೆ ಒಂದು ಟೇಬಲ್ ಹಾಕ್ದೆ, ತೂಕ, ಎತ್ತರ, ಕಚ್ಚೋ ಶಕ್ತಿ. ಹುಲಿ ತೂಕ 260 ಕೆಜಿ, ಸಿಂಹ 190 ಕೆಜಿ ಅಂತ ಬರೆದೆ. ಕಿಟಕಿ ಕಡೆಯವರು ಕೂಗಾಡಿದ್ರು. ಬಾಗಿಲ ಹುಡುಗ ಸ್ವಲ್ಪ ಹೊತ್ತು ನೋಡಿ ಕೈ ಎತ್ತಿ, "ಸಾ, ಹುಲಿದು ಅಷ್ಟೇನಾ? ಎಲ್ಲಾ ಹುಲಿನೂ ಅಷ್ಟೇ ಇರ್ತವಾ?" ಅಂದ.

ಅವನು ಕೇಳಿದ್ದು ಸರಿ. ನಾನು ಹುಲಿಗೆ ತುಂಬಾ ದೊಡ್ಡ ಗಂಡಿನ ತೂಕ ತಗೊಂಡು ಸಿಂಹಕ್ಕೆ ಸಾಧಾರಣ ಗಂಡಿನ ತೂಕ ಹಾಕಿದ್ದೆ. ನಮ್ಮ ಕಡೆ ಬೆಳೆದ ಗಂಡು ಹುಲಿ 200 ಕೆಜಿ ಆಜುಬಾಜು ಅಂತ ಇಟ್ಕೊಬಹುದು, ದೊಡ್ಡದಾದ್ರೆ ಅದಕ್ಕಿಂತ ಮೇಲೆ. ಆಫ್ರಿಕಾದ ಗಂಡು ಸಿಂಹನೂ ಹತ್ರ ಹತ್ರ ಅಷ್ಟೇ, 190 ಸುಮಾರು, ಗಿರ್ ಸಿಂಹ ಸ್ವಲ್ಪ ಕಮ್ಮಿ. ಭುಜದ ಎತ್ತರ ನೋಡಿದ್ರೆ ಸಿಂಹನೇ ಒಂದು ಕೈ ಮೇಲೆ. ಕಚ್ಚೋ ಶಕ್ತಿ ಅಂತ ನೆಟ್ಟಲ್ಲಿ ಓಡಾಡೋ ಸಂಖ್ಯೆ ಇದಾವಲ್ಲ ಅದರದ್ದೂ ಇದೇ ಹಣೆಬರಹ. ಆಸ್ಟ್ರೇಲಿಯಾದ ಸಂಶೋಧಕ ಸ್ಟೀಫನ್ ರೋ ಮತ್ತೆ ಜೊತೆಯವರು 2005ರಲ್ಲಿ ಮಾಡಿದ ಲೆಕ್ಕದಲ್ಲಿ, ಮೈಗಾತ್ರಕ್ಕೆ ಹೊಂದಿಸಿ ನೋಡಿದ್ರೆ ಹುಲಿಗೆ 127, ಸಿಂಹಕ್ಕೆ 112 ಅಂಕ ಬರುತ್ತೆ, ಆದ್ರೆ ಅದು ತಲೆಬುರುಡೆ ಅಳತೆ ಇಟ್ಕೊಂಡು ಹಾಕಿದ ಲೆಕ್ಕ, ಯಾವ ಹುಲಿ ಬಾಯಿಗೂ ಯಾರೂ ಮೀಟರ್ ಇಟ್ಟು ನೋಡಿದ್ದಲ್ಲ. ಇದನ್ನ ನಾನು ಅವತ್ತು ಬಿಡಿಸಿ ಹೇಳ್ಬೇಕಿತ್ತು, ಹೇಳ್ಲಿಲ್ಲ. ಬೋರ್ಡ್ ಮೇಲಿನ ಟೇಬಲ್ ಬಾಗಿಲ ಹುಡುಗನಿಗೆ ಮೋಸದ ಥರ ಕಾಣ್ತು, ಕಿಟಕಿ ಹುಡುಗನಿಗೆ ಆಯುಧ ಸಿಕ್ಕಂಗಾಯ್ತು.

ಆ ವಾರವೇ ಯಾರದ್ದೋ ಮನೆ ಫೋನಲ್ಲಿ ಅಂಕಾರಾ ಝೂ ಸುದ್ದಿ ಸಿಕ್ಕಿದೆ. ಟರ್ಕಿದು, 2011ರಲ್ಲಿ ಸುದ್ದಿಯಾಗಿತ್ತು, ಬೇಲಿ ಸಂದಿಲಿ ಹುಲಿ ಸಿಂಹದ ಕಡೆ ನುಗ್ಗಿ ಪಂಜದಿಂದ ಒಂದೇ ಏಟಿಗೆ ಕುತ್ತಿಗೆ ರಕ್ತನಾಳ ಹರಿದು ಕೊಂದಿದ್ದು. ಸೋಮವಾರ ಅದನ್ನ ಸ್ಕೂಲಲ್ಲಿ ಹೇಳಿದ್ದಾರೆ, ಬಾಗಿಲ ಹುಡುಗ ಸುಳ್ಳು ಅಂದಿದ್ದಾನೆ, ತಳ್ಳಾಟ ಆಗಿದೆ, ಜಾಮಿಟ್ರಿ ಬಾಕ್ಸ್ ಎಸೆದಿದ್ದಾರೆ, ಅದು ಹೋಗಿ ಕಿಟಕಿ ಹುಡುಗನ ಹುಬ್ಬಿಗೆ ಬಿದ್ದು ಎರಡು ಹೊಲಿಗೆ.

ಮನೆ ತನಕ ಹೋದಾಗ

ಎಚ್‌ಎಂ ಮೇಡಂ ಫೋನ್ ಮಾಡಿ ಕರೆಸಿದ್ರು. ಇಬ್ಬರ ಮನೆಯವರೂ ಬಂದಿದ್ರು. ಕಿಟಕಿ ಹುಡುಗನ ಮನೆಯವರು ಮಾದಪ್ಪನ ಒಕ್ಕಲು, ವರ್ಷಕ್ಕೊಂದ್ಸಲ ಬೆಟ್ಟಕ್ಕೆ ನಡ್ಕೊಂಡೇ ಹೋಗೋರು, ಹುಲಿ ಅಂದ್ರೆ ಅವರಿಗೆ ಮಾದಪ್ಪನ ವಾಹನ. ಬಾಗಿಲ ಹುಡುಗನ ಅಜ್ಜಿ ಆಷಾಢ ಶುಕ್ರವಾರ ಒಂದನ್ನೂ ಬಿಡ್ದೆ ಚಾಮುಂಡಿ ಬೆಟ್ಟದ ಮೆಟ್ಲು ಹತ್ತೋರು. ನನಗೆ ಆಗ ಅರ್ಥ ಆಯ್ತು, ಮಕ್ಕಳ ಜಗಳ ಪ್ರಾಣಿ ಬಗ್ಗೆ ಮಾತ್ರ ಆಗಿರ್ಲಿಲ್ಲ. "ನಮ್ ದೇವ್ರು ಕೂರೋ ಹುಲಿನ ಸೋತೋಯ್ತದೆ ಅಂದ್ರೆ ಹೆಂಗ್ ಸುಮ್ಕಿರಾನೆ ಹುಡ್ಗ" ಅಂತ ಕಿಟಕಿ ಹುಡುಗನ ತಾಯಿ ಮೆಲ್ಲಗೆ ಅಂದ್ರು, ಬೈಯೋ ದನಿಲಲ್ಲ, ಬೇಜಾರಲ್ಲಿ.

ಪರಿಸ್ಥಿತಿ ತಿಳಿ ಮಾಡಿದ್ದು ಅಜ್ಜಿ. "ಅಲ್ಲ ಕಣವ್ವ, ಮಾದಪ್ಪ ಹುಲಿ ಮ್ಯಾಲೆ ಕುಂತಿರದು, ತಾಯಿ ಸಿಂಹದ ಮ್ಯಾಲೆ ಕುಂತಿರದು, ಅವು ಜಗಳಕ್ಕೆ ಬೀಳ್ದಂಗೆ ಇರ್ಲಿ ಅಂತ್ಲೇ ಅಲ್ವಾ?" ಅಂದ್ರು. ಅಲ್ಲಿದ್ದ ಎಲ್ಲರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಆ ತಾಯಿ ಅಜ್ಜಿ ಪಕ್ಕ ಬಂದು ಕೂತ್ರು. ದೊಡ್ಡವರ ಮಟ್ಟಿಗೆ ಅಲ್ಲಿಗೆ ಮುಗೀತು. ಮಕ್ಕಳ ಮಟ್ಟಿಗೆ ಮುಗಿದಿರ್ಲಿಲ್ಲ, ಅದು ನನ್ನ ಕೆಲಸ.

ಮೇಡಂಗೆ ಈ ವಿಷಯನೇ ಇನ್ಮೇಲೆ ಎತ್ತಬಾರದು ಅಂತ ನಿಷೇಧ ಹಾಕ್ಬಿಡೋ ಯೋಚನೆ ಇತ್ತು. ನಾನು ಬೇಡ ಮೇಡಂ, ಎರಡು ಶನಿವಾರ ಕೊಡಿ ಅಂದೆ. ಈಗ ಹಿಂತಿರುಗಿ ನೋಡಿದ್ರೆ ಈ ಪ್ರಕರಣದಲ್ಲಿ ನಾನು ತಗೊಂಡ ಮೊದಲ ಸರಿಯಾದ ನಿರ್ಧಾರ ಅದು.

ತಾತ ಬಂದ ಶನಿವಾರ

ಕ್ಲಾಸಲ್ಲಿ ಒಬ್ಬಳು ಹುಡುಗಿ ಇದ್ಲು, ಅವಳ ತಾತ ಹಿಂದೆ ಫಾರೆಸ್ಟಲ್ಲಿ ವಾಚರ್ ಆಗಿದ್ದವರು. ಅವರನ್ನ ಕರ್ಕೊಂಡು ಬಂದೆ. ಹುಲಿ ಶೂರತನದ ಕತೆ ಬೇಡ ತಾತ, ನೀವು ನೋಡಿದ ಗಾಯ ಆಗಿರೋ ಹುಲಿ ಬಗ್ಗೆ ಹೇಳಿ ಅಂತ ಮೊದಲೇ ಕೇಳ್ಕೊಂಡಿದ್ದೆ.

ಅವರು ಕುರ್ಚಿ ಬೇಡ ಅಂದು ನೆಲದ ಮೇಲೆ ಕೂತ್ರು, ಒಂದು ಕಡ್ಡಿ ತಗೊಂಡು ಧೂಳಲ್ಲಿ ಹೆಜ್ಜೆ ಬರೆದ್ರು. ಮೂರು ಹೆಜ್ಜೆ ಪೂರ್ತಿ, ದುಂಡಗೆ, ನಾಲ್ಕನೇದು ಅರ್ಧ. ಮುಂದಿನ ಬಲಗಾಲದ್ದು. ಬೆರಳ ಗುರುತು ಎರಡೇ, ಹಿಂದಿನ ಮೆತ್ತೆ ಗುರುತೇ ಇಲ್ಲ, ಹೆಜ್ಜೆ ಪಕ್ಕದಲ್ಲಿ ಮಣ್ಣು ಎಳೆದ ಗೆರೆ. ಮುಳ್ಳುಹಂದಿ ಹಿಡಿಯಕ್ಕೆ ಹೋಗಿ ಪಂಜದೊಳಗೆ ಮುಳ್ಳು ಸೇರ್ಕೊಂಡಿತ್ತಂತೆ. ಭಾರಿ ಗಂಡು, ಒಂದು ಕಾಲಕ್ಕೆ ಕಾಟಿ, ಅಂದ್ರೆ ಕಾಡುಕೋಣ, ಹೊಡೀತಿದ್ದದ್ದು. ಪಂಜ ಬಾತ್ಕೊಂಡು ಕೀವು ಆದ್ಮೇಲೆ ಜಿಂಕೆನೂ ಹಿಡಿಯಕ್ಕಾಗ್ಲಿಲ್ಲ, ಪಕ್ಕೆ ಎಲುಬು ಕಾಣೋ ಹಂಗಾಯ್ತು, ಕಾಡಂಚಿಗೆ ಬಂದು ಕಟ್ಟಿ ಹಾಕಿದ ಕರುಗೆ ಕೈ ಹಾಕಕ್ಕೆ ಶುರು ಮಾಡ್ತು. "ಅಷ್ಟು ದೊಡ್ಡ ಪ್ರಾಣಿ ಮಗ, ಇಷ್ಟುದ್ದ ಮುಳ್ಳಿಗೆ ಸೋತೋಯ್ತು" ಅಂತ ಬೆರಳು ತೋರ್ಸಿದ್ರು.

ಯಾರೂ ಉಸಿರೆತ್ತಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಕಿಟಕಿ ಹುಡುಗ, ಹುಬ್ಬಿನ ಮೇಲೆ ಇನ್ನೂ ಬ್ಯಾಂಡೇಜ್ ಇತ್ತು ಅವನಿಗೆ, ಕೇಳ್ದ: "ಸಾ, ಹಂಗಾರೆ ಸಿಂಹದ ಮೇಲೆ ಗೆದ್ಬುಟ್ಟು ಕಾಲಿಗೆ ಏಟಾದ್ರೆ?"

ಇಡೀ ಪ್ರಕರಣದ ತಿರುವು ಆ ಒಂದು ಪ್ರಶ್ನೆ. ಅಲ್ಲಿ ತನಕ ಯಾರು ಗೆಲ್ತಾರೆ ಅಂತಿದ್ದದ್ದು, ಗೆದ್ದು ಏನು ಉಳಿಯುತ್ತೆ ಅಂತ ಆಯ್ತು, ಅದೂ ನಾನು ಹೇಳಿಕೊಟ್ಟು ಅಲ್ಲ.

ಹುಣಸೆ ಬೀಜದ ಆಟ

1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್, ಜಾರ್ಜ್ ಪ್ರೈಸ್ ಅಂತ ಇಬ್ಬರು ವಿಜ್ಞಾನಿಗಳು ಒಂದು ಪ್ರಶ್ನೆ ಹಿಡ್ಕೊಂಡು ಕೂತಿದ್ರು, ಇಷ್ಟು ಆಯುಧ ಇರೋ ಪ್ರಾಣಿಗಳು ಜಗಳ ಬಂದಾಗ್ಲೆಲ್ಲ ಯಾಕೆ ಸಾಯೋ ತನಕ ಹೊಡೆದಾಡಲ್ಲ ಅಂತ. ಅವರ ಉತ್ತರ ಗಣಿತದಲ್ಲಿತ್ತು, ನಾನು ಅದನ್ನ ಹುಣಸೆ ಬೀಜಕ್ಕೆ ಇಳಿಸ್ದೆ. ಮುಂದಿನ ಶನಿವಾರ ಪ್ರತಿಯೊಬ್ಬರಿಗೂ 30 ಬೀಜ ಕೊಟ್ಟು ಇಬ್ಬಿಬ್ಬರನ್ನ ಎದುರು ಕೂರಿಸ್ದೆ. ಮಧ್ಯದಲ್ಲಿ 10 ಬೀಜ ಇರುತ್ತೆ, ಅದೇ ಬೇಟೆ. ಕಣ್ಣು ಮುಚ್ಕೊಂಡು ಒಟ್ಟಿಗೆ ಕೈ ತೋರಿಸ್ಬೇಕು, ಮುಷ್ಟಿ ಅಂದ್ರೆ ಹೊಡೆದಾಟ, ಅಂಗೈ ಅಂದ್ರೆ ಗುರುಗುಟ್ಟಿ ಬಿಟ್ಕೊಡೋದು. ಇಬ್ಬರೂ ಅಂಗೈ ಆದ್ರೆ 5-5 ಹಂಚ್ಕೊಳ್ಳಿ, ಒಬ್ಬ ಮುಷ್ಟಿ ಇನ್ನೊಬ್ಬ ಅಂಗೈ ಆದ್ರೆ ಮುಷ್ಟಿಗೆ ಹತ್ತೂ ಬೀಜ, ಅಂಗೈಗೆ ಏನೂ ಇಲ್ಲ ಆದ್ರೆ ನಷ್ಟನೂ ಇಲ್ಲ. ಇಬ್ಬರೂ ಮುಷ್ಟಿ ಆದ್ರೆ ನಾಣ್ಯ ಚಿಮ್ಮೋದು, ಗೆದ್ದವನಿಗೆ 10, ಸೋತವನಿಗೆ ಗಾಯ, ಅಂದ್ರೆ 20 ಬೀಜ ಹೋಯ್ತು. ಬೀಜ ಖಾಲಿ ಆದವನು ಸತ್ತಂಗೆ, ಗೋಡೆ ಪಕ್ಕ ಕೂರ್ಬೇಕು.

ಮೊದಲ ಸುತ್ತಲ್ಲಿ ವಾಚರ್ ತಾತನ ಮೊಮ್ಮಗಳು ಬಿಟ್ರೆ ಎಲ್ಲರೂ ಮುಷ್ಟಿ. ಒಂದೇ ಏಟಿಗೆ ಹನ್ನೊಂದು ಜನರ ಹತ್ರ ಉಳಿದದ್ದು ಹತ್ತತ್ತೇ ಬೀಜ. ಎರಡನೇ ಸುತ್ತಿಗೆ ಆ ಹನ್ನೊಂದು ಜನರಲ್ಲಿ ಬಹಳಷ್ಟು ಮಂದಿ ಅಂಗೈ ತೋರಿಸಿದ್ರು, ನಾನೇನೂ ಹೇಳಿರ್ಲಿಲ್ಲ. ಬಾಗಿಲ ಹುಡುಗ ಮಾತ್ರ ಬಿಡದೆ ಮುಷ್ಟಿ ಹಿಡಿದು ಎರಡು ಸಲ ಗೆದ್ದ, ಬೀಜ ಗುಡ್ಡೆ ಹಾಕ್ಕೊಂಡ, ಆಮೇಲೆ ಎದುರಿಗೆ ಕಿಟಕಿ ಹುಡುಗ ಬಂದ. ಇಬ್ಬರೂ ಮುಷ್ಟಿನೇ. ನಾಣ್ಯ ಕಿಟಕಿ ಹುಡುಗನ ಕಡೆ ಬಿತ್ತು. ನಾನು ಒಳಗೊಳಗೇ ಗಾಬರಿ ಆದೆ, ಮತ್ತೆ ಶುರುವಾಗುತ್ತೇನೋ ಅಂತ. ಆದ್ರೆ ಇಬ್ಬರೂ ತಮ್ಮ ತಮ್ಮ ಬೀಜ ಎಣಿಸ್ತಾ ಕೂತಿದ್ರು. ಬಾಗಿಲ ಹುಡುಗ ತಲೆ ಎತ್ತಿ ಹೇಳಿದ್ದು ಇದು: "ಸಾ, ಹುಲಿ ಒಂಟಿ ಅಲ್ವಾ, ಅದುಕ್ಕೆ ಗಾಯ ಆದ್ರೆ ಊಟ ತಂದಾಕೋರು ಯಾರೂ ಇಲ್ಲ. ಸಿಂಹುಕ್ಕೆ ಸಂಸಾರ ಐತೆ. ಅದುಕ್ಕೆ 20 ಬೀಜ ಹೋಗಲ್ಲ ಸಾ, ಕಮ್ಮಿ ಹೋಗ್ಬೇಕು."

ನನಗೆ ಅವತ್ತು ಆದ ಖುಷಿ ಹೇಳಕ್ಕಾಗಲ್ಲ. ಆಟದ ಲೆಕ್ಕ ಎರಡೂ ಪ್ರಾಣಿಗೆ ಒಂದೇ ಇರಬಾರದು ಅಂತ ಅವನೇ ಕಂಡ್ಕೊಂಡಿದ್ದ. ಅಲ್ಲಿಂದ ಪಾಠ ತಾನಾಗೇ ಬಿಚ್ಕೊಳ್ತು. ಆಫ್ರಿಕಾದಲ್ಲಿ ಗಂಡು ಸಿಂಹಕ್ಕೆ ಒಂದು ಗುಂಪಿನ ಯಜಮಾನಿಕೆ ಸಿಗೋದು ಸಾಮಾನ್ಯವಾಗಿ ಎರಡು ಮೂರು ವರ್ಷ, ಅಷ್ಟರಲ್ಲಿ ಮರಿ ದೊಡ್ಡವಾಗ್ಬೇಕು, ಹೊಸ ಗಂಡು ಬಂದ್ರೆ ಮರಿಗಳನ್ನ ಕೊಂದ್ಬಿಡುತ್ತೆ, ಹಾಗಾಗಿ ಅಣ್ಣತಮ್ಮಂದಿರು ಸೇರ್ಕೊಂಡು ಹೊಡೆದಾಡೋದು ಅದರ ಬದುಕಿನ ಭಾಗ. ಹುಲಿನೂ ಜಾಗಕ್ಕೆ ಹೊಡೆದಾಡುತ್ತೆ, ಸಾಯುತ್ತೆ, ಆದ್ರೆ ಬಹುಪಾಲು ಕೆಲಸ ಮರಕ್ಕೆ ಉಚ್ಚೆ ಸಿಂಪಡಿಸಿ, ತೊಗಟೆ ಕೆರೆದು, ನಾನಿಲ್ಲಿದೀನಿ ಬರಬೇಡ ಅಂತ ತಿಳಿಸೋದ್ರಲ್ಲೇ ಮುಗಿಯುತ್ತೆ. ಗಿರ್‌ನಲ್ಲಿ ಗಂಡು ಸಿಂಹಗಳು ಹೆಣ್ಣುಗಳ ಗುಂಪಿಂದ ಬೇರೆಯಾಗೇ ಜಾಸ್ತಿ ಓಡಾಡ್ತವೆ, ಊಟಕ್ಕೆ ಯಾವಾಗ್ಲೂ ಹೆಣ್ಣು ಸಿಂಹನೇ ಗತಿ ಅಂತ ಇಲ್ಲ ಅಂತಲೂ ಹೇಳ್ದೆ, ಬಾಗಿಲ ಹುಡುಗನ ಮುಖ ಸ್ವಲ್ಪ ಸಪ್ಪಗಾಯ್ತು, ಆದ್ರೆ ಬರ್ಕೊಂಡ.

ಕೇಸರದ ವಿಷಯನೂ ಬಂತು. ಕುತ್ತಿಗೆಗೆ ರಕ್ಷಣೆ ಅಂತ ಸಿಂಹದ ಕಡೆಯವರ ವಾದ. ಆಫ್ರಿಕಾದ ಸೆರೆಂಗೆಟಿಲಿ ಪೇಟನ್ ವೆಸ್ಟ್, ಕ್ರೇಗ್ ಪ್ಯಾಕರ್ ಅನ್ನೋ ಸಂಶೋಧಕರು ಬಟ್ಟೆ ಸಿಂಹಗಳನ್ನ ಮಾಡಿಸಿ ಒಂದಕ್ಕೆ ಕಪ್ಪು ಕೇಸರ, ಒಂದಕ್ಕೆ ತಿಳಿ ಬಣ್ಣದ್ದು ಹಾಕಿ ಬಯಲಲ್ಲಿ ನಿಲ್ಲಿಸಿದ್ರು, 2002ರಲ್ಲಿ ಪ್ರಕಟ ಆಯ್ತು. ಹೆಣ್ಣು ಸಿಂಹ ಕಪ್ಪು ಕೇಸರದ ಹತ್ರ ಹೋಗ್ತಿತ್ತು, ಗಂಡು ಸಿಂಹ ಅದರಿಂದ ದೂರ ಇರ್ತಿತ್ತು. ಆಮೇಲೆ ಗಾಯಗಳ ಲೆಕ್ಕ ನೋಡಿದಾಗ ಕೇಸರ ಗಾಯ ತಪ್ಪಿಸುತ್ತೆ ಅನ್ನೋಕೆ ಗಟ್ಟಿ ಆಧಾರ ಸಿಗ್ಲಿಲ್ಲ. ಅಂದ್ರೆ ಅದು ಗುರಾಣಿಗಿಂತ ಜಾಸ್ತಿ ಬೋರ್ಡ್ ಇದ್ದಂಗೆ, ನಾನು ಗಟ್ಟಿ ಇದೀನಿ, ನೋಡ್ಕೊಂಡು ಬಾ ಅಂತ. ಮಕ್ಕಳಿಗೆ ಇದು ತಕ್ಷಣ ಹಿಡಿಸ್ತು, ಅಂಗೈ ತೋರಿಸೋದಕ್ಕೂ ಇದಕ್ಕೂ ನಂಟು ಕಟ್ಟಿದ್ರು.

ಉತ್ತರ ಕೊಡ್ಬೇಕಾ ಬೇಡ್ವಾ

ಇಲ್ಲಿ ಇನ್ನೊಂದು ನಿರ್ಧಾರ. ಇಷ್ಟೆಲ್ಲ ಆದ್ಮೇಲೂ ಕೊನೆಗೆ ಒಬ್ಬ, "ಅದೆಲ್ಲ ಸರಿ ಸಾ, ನೀವು ಯಾವ್ದು ಅಂತೀರ?" ಅಂದ. ಎರಡೂ ಸಮ ಅಂತ ಜಾರ್ಕೊಳ್ಳೋದು ಸುಲಭ ಇತ್ತು. ಆದ್ರೆ ಮಕ್ಕಳು ಇಷ್ಟು ಪ್ರಾಮಾಣಿಕವಾಗಿ ಕೇಳ್ತಿರೋವಾಗ ಮುಚ್ಚಿಡೋದು ಮೋಸ ಅನ್ನಿಸ್ತು, ನನ್ನ ಅಂದಾಜು ಹೇಳಿದೆ. ಒಂದಕ್ಕೊಂದು, ಎರಡೂ ಬೆಳೆದ ಗಂಡು, ಎರಡಕ್ಕೂ ಬೇರೆ ದಾರಿ ಇಲ್ಲ ಅಂದ್ರೆ, ಗಿರ್ ಸಿಂಹದ ಎದುರು ನಾಗರಹೊಳೆ ಹುಲಿ ಅಂತ ನನ್ನ ಓಟು, ಮೈತೂಕ ಜಾಸ್ತಿ, ಕಾಟಿಯಂಥ ಪ್ರಾಣಿನ ಒಂಟಿಯಾಗಿ ಕೆಡವಿ ರೂಢಿ ಇರೋದು. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ್ ಕಾರಂತರು ಮತ್ತೆ ಮೆಲ್ ಸನ್‌ಕ್ವಿಸ್ಟ್ ನಾಗರಹೊಳೆಲಿ ಮಾಡಿದ ಅಧ್ಯಯನದಲ್ಲೂ ಹುಲಿ ದೊಡ್ಡ ಬೇಟೆನೇ ಆರಿಸ್ಕೊಳ್ಳೋದು ಕಂಡಿತ್ತು. ಆಫ್ರಿಕಾದ ದೊಡ್ಡ ಗಂಡು ಆದ್ರೆ ನಾನು ಅಷ್ಟು ಧೈರ್ಯವಾಗಿ ಹೇಳಲ್ಲ. ಇಬ್ಬರು ಅಣ್ಣತಮ್ಮ ಸಿಂಹ ಬಂದ್ರೆ ಹುಲಿ ಅಲ್ಲಿ ನಿಲ್ಲಬಾರದು. ಅಂಕಾರಾ ಸುದ್ದಿ ಬೋನಿನ ಕತೆ, ಓಡಿಹೋಗಕ್ಕೆ ಜಾಗ ಇರ್ಲಿಲ್ಲ, ಕಾಡಿಗೆ ಅದು ಅನ್ವಯ ಆಗಲ್ಲ ಅಂತಲೂ ಹೇಳ್ದೆ.

ಬಾಗಿಲ ಹುಡುಗ ಒಪ್ಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಆದ್ರೆ ಎಸೆಯಕ್ಕೆ ಏನೂ ಹುಡುಕ್ಲಿಲ್ಲ, "ತೂಕ ಒಂದೇ ಇದ್ರೆ ಸಾ?" ಅಂತ ಕೇಳ್ದ. ಒಂದೇ ಇದ್ರೆ ನಿನ್ನ ಮಾತಲ್ಲೂ ಹುರುಳಿದೆ, ಹೊಡೆದಾಟದ ಅಭ್ಯಾಸ ಸಿಂಹಕ್ಕೇ ಜಾಸ್ತಿ ಅಂದೆ. ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಇಬ್ಬರೂ ಸೇರಿ ಒಂದು ಚಾರ್ಟ್ ಮಾಡಿದ್ರು, ಎಡಗಡೆ ಹುಲಿ ಬಲಗಡೆ ಸಿಂಹ, ಮಧ್ಯದಲ್ಲಿ ಗೆದ್ದವರು ಯಾರು ಅನ್ನೋ ಜಾಗಕ್ಕೆ ಹುಣಸೆ ಬೀಜ ಗೋಂದಲ್ಲಿ ಅಂಟಿಸಿದ್ರು.

ಇದೇ ಥರ ಸಂದರ್ಭ ಬಂದವರಿಗೆ ನಾನು ಹೇಳೋದು ಇಷ್ಟು. ಪ್ರಶ್ನೆ ಬಂದ ದಿನವೇ ಕೈಗೆತ್ತಿಕೊಳ್ಳಿ, ನಾನು ಎರಡು ವಾರ ಬಿಟ್ಟಿದ್ದಕ್ಕೆ ಒಬ್ಬ ಹುಡುಗನ ಹುಬ್ಬಿಗೆ ಹೊಲಿಗೆ ಬಿತ್ತು. ಟೇಬಲ್ ಹಾಕೋದಾದ್ರೆ ಪ್ರತಿ ಸಂಖ್ಯೆ ಯಾವ ಪ್ರಾಣಿದು, ಹೆಂಗೆ ಅಳೆದದ್ದು ಅಂತ ಪಕ್ಕದಲ್ಲೇ ಬರೀರಿ. ಮಗು ಯಾಕೆ ಆ ಪ್ರಾಣಿ ಪರ ನಿಂತಿದೆ ಅಂತ ಮನೆ ಕಡೆಯಿಂದ ತಿಳ್ಕೊಳ್ಳಿ, ನಮ್ಮ ಸೀಮೆಲಿ ಅದು ಬರೀ ಪ್ರಾಣಿ ಆಗಿರೋದು ಕಮ್ಮಿ. ಆಮೇಲೆ ಗಾಯದಿಂದ ಶುರು ಮಾಡಿ, ಬಲದಿಂದ ಬೇಡ. ಮತ್ತೆ ಮಾಡೋದಾದ್ರೆ ನಾನು ತಾತನನ್ನ ಮೊದಲನೇ ದಿನವೇ ಕರೀತೀನಿ.

ಹೋದ ಬೇಸಿಗೆಲಿ ಕಿಟಕಿ ಹುಡುಗ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದ, ಈಗ ಹತ್ತನೇ ಕ್ಲಾಸು, ಹುಬ್ಬಿನ ಮೇಲೆ ಸಣ್ಣ ಗೆರೆ ಉಳಿದಿದೆ. ಅವರ ಹೊಲದ ಹತ್ರ ಎರಡು ತಿಂಗಳಿಂದ ಚಿರತೆ ಬರ್ತಿದೆಯಂತೆ, ನಾಯಿ ಹೊತ್ಕೊಂಡು ಹೋಗ್ತಿದೆಯಂತೆ, ಮುಂಚೆ ಬರ್ತಿರ್ಲಿಲ್ವಂತೆ. "ಸಾ, ಒಳಗಡೆ ಹೊಸ ಹುಲಿ ಬಂದಿರ್ಬೇಕು ಅಲ್ವಾ? ಚಿರತೆ ಅಂಗೈ ತೋರ್ಸಿ ಈ ಕಡೆ ಬಂದೈತೆ" ಅಂದ. ಇರಬಹುದು ಕಣೋ, ಒಳಗೆ ನೀರು ಬತ್ತಿದೆಯಾ ಅಂತಲೂ ನೋಡ್ಬೇಕು ಅಂದೆ. ಸರಿ ಸಾ, ತಾತನ್ನ ಕೇಳ್ತೀನಿ ಅಂತ ಬಸ್ ಹತ್ತಿದ.